ದುರ್ಗದಬೈಲಿನ ಸಮುದ್ರದ ಹಲಗೆ

ಆ ಶುಕ್ರವಾರ ನಮ್ಮ ಅಂಗಡಿಗೆ ಏಳು ವರ್ಷದ ಒಂದು ತಲೆ ಬಂದಿತ್ತು. ಅದಕ್ಕೆ ಹದಿನೇಳು ವರ್ಷದ ಹೆಲ್ಮೆಟ್ ಬೇಕಾಗಿತ್ತು.

ತಲೆಯ ಜೊತೆ ಅದರ ಅಪ್ಪ ಮತ್ತು ಅಜ್ಜಿ ಬಂದಿದ್ದರು. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಸೀರೆ ಕೊಂಡು, ಅಲ್ಲಿಂದ ನಮ್ಮ ಓಣಿಗೆ ತಿರುಗಿದವರು. ನಮ್ಮದು ಆಟದ ಸಾಮಾನಿನ ಅಂಗಡಿ. ಕ್ಯಾರಮ್ ಬೋರ್ಡು, ಬ್ಯಾಟು, ಶಟಲ್ಲು, ಗೆದ್ದವರಿಗೆ ಕೊಡುವ ಕಪ್ಪು, ಆರೇಳು ವರ್ಷಗಳಿಂದ ಗಾಲಿ ಹಲಗೆ, ಅಂದರೆ ಸ್ಕೇಟ್‌ಬೋರ್ಡು. ನನ್ನ ಗಂಡ ಗಲ್ಲಾದ ಹಿಂದೆ ಎಂದೂ ಕೂತವರಲ್ಲ. ಗಲ್ಲಾ ನನ್ನದು, ಗಿರಾಕಿ ಅವರದು.

"ಬೆಳ್ಯೂ ಹುಡುಗ ಐತ್ರಿ," ಎಂದರು ಅಪ್ಪ. "ಎರಡು ಸೈಜ್ ದೊಡ್ಡದು ಕೊಟ್ಟುಬಿಡ್ರಿ. ಕಾಲೇಜಿಗೆ ಹೋಗೂತನಕ ಚಿಂತಿ ಇರೂದಿಲ್ಲ."

"ತಲಿ ಅಷ್ಟು ಬೆಳೆಯೂದಿಲ್ರಿ," ಎಂದರು ನನ್ನ ಗಂಡ. "ಬೆಳೆಯೂದಾಗಿದ್ರ ನಿಮ್ಮದೂ ನಂದೂ ಇಷ್ಟೊತ್ತಿಗೆ ಬೆಳೀಬೇಕಾಗಿತ್ತು."

"ಒಳಗೊಂದು ಟಾವೆಲ್ ಇಟ್ರಾತು."

"ಟಾವೆಲ್ ಇಡೂದಾದ್ರ ಪಟಕಾನ ಸುತ್ರಿ. ಹೆಲ್ಮೆಟ್ ಯಾಕ?"

ನಮ್ಮ ಕಡೆ ಮಕ್ಕಳಿಗೆ ಯಾವುದನ್ನೂ ಈ ವರ್ಷದ ಅಳತೆಗೆ ಕೊಳ್ಳುವುದಿಲ್ಲ. ಬೂಟಿನ ತುದಿಗೆ ಹತ್ತಿ, ಚಡ್ಡಿಗೆ ಪಿನ್ನು, ಅಂಗಿಯ ತೋಳಿಗೆ ಮೂರು ಮಡಿಕೆ. ನಾನೂ ಹಾಗೆಯೇ ಬೆಳೆದವಳು. ಬೂಟು ಸರಿಯಾಗಿ ಕೂರುವ ವರ್ಷಕ್ಕೆ ಸರಿಯಾಗಿ ಅದು ಹರಿದುಹೋಗುತ್ತಿತ್ತು. ಈ ಜಾಣತನವನ್ನು ತಲೆಯವರೆಗೆ ಏರಿಸಿದವರು ವಾರಕ್ಕೆ ನಾಲ್ಕು ಜನವಾದರೂ ಬರುತ್ತಿದ್ದರು. ನನ್ನ ಗಂಡ ಒಬ್ಬರನ್ನೂ ಬಿಡುತ್ತಿರಲಿಲ್ಲ. ಹುಬ್ಬಿನ ಮೇಲೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು, ಗದ್ದದ ಪಟ್ಟಿಯೊಳಗೆ ಒಂದೇ ಬೆರಳು ಹೋಗಬೇಕು, ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಮಂತ್ರ ಹೇಳಿದ ಹಾಗೆ ಹೇಳುತ್ತಿದ್ದರು.

ಅಜ್ಜಿಗೆ ಇದು ಸರಿಬರಲಿಲ್ಲ. "ನಿಮಗ ಮಕ್ಕಳೆಷ್ಟ್ರಿ?" ಎಂದು ಕೇಳಿದರು.

ನಮಗೆ ಮಕ್ಕಳಿಲ್ಲ. ಇಡೀ ಓಣಿಗೆ ಗೊತ್ತು, ಅಜ್ಜಿಗೆ ಗೊತ್ತಿರಲಿಲ್ಲ.

"ದಿನಾ ಹತ್ತು ಹನ್ನೆರಡು ಬರ್ತಾವ್ರಿ ಅಮ್ಮಾರ," ಎಂದರು ನನ್ನ ಗಂಡ. "ಸಂಜಿಕ ತಮ್ಮ ತಮ್ಮ ಮನಿಗೆ ಹೋಗ್ತಾವು."

ಹಾಗೆ ಹೇಳುತ್ತಲೇ ಹುಡುಗನ ಬೆನ್ನ ಹಿಂದೆ ಸರಿದು ಮೆಲ್ಲಗೆ ದೂಡಿದರು. ಹುಡುಗ ಬೀಳದಂತೆ ಬಲಗಾಲು ಮುಂದಿಟ್ಟ. ಯಾರು ಯಾವ ಕಾಲನ್ನು ಹಲಗೆಯ ಮೇಲೆ ಮುಂದೆ ಇಡುವವರು ಎಂದು ತಿಳಿಯುವ ದಾರಿ ಅದೊಂದೇ ಎಂದು ಅವರ ನಂಬಿಕೆ. ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ದೂಡಿದರೆ ಕಾಲು ಖರೇ ಹೇಳುತ್ತದೆ.

"ಸಾಲ್ಯಾಗ ಮಾಸ್ತರು ಸುದ್ದಾ ನನ್ನ ಮಗನ್ನ ದೂಡಿಲ್ರಿ, ನೀವು ದೂಡ್ತೀರಿ?" ಎಂದು ಅಪ್ಪ ಮುಖ ಕೆಂಪು ಮಾಡಿಕೊಂಡರು. ಆನ್‌ಲೈನ್ ನೋಡುತ್ತೇವೆ ಎಂದು ಮೂವರೂ ಇಳಿದು ಹೋದರು.

"ಗಿರಾಕಿ ಓಡಿಸೂದ್ರಾಗ ನಿಮ್ಮನ್ನ ಸರಿಗಟ್ಟೂ ಮನಷ್ಯಾ ಹುಬ್ಬಳ್ಳ್ಯಾಗ ಇಲ್ಲ ನೋಡ್ರಿ," ಎಂದೆ ನಾನು. "ಅದಕ್ಕೂ ಒಂದು ಕಪ್ ಕೊಡಬೇಕು. ಮ್ಯಾಲಿನ ಸಾಲಿನ್ಯಾಗ ಐತಿ, ತಗೋರಿ."

"ಹೆಸರು ಕೆತ್ತಿಸಿ ಕೊಡು," ಎಂದರು.

ಇದು ನಮ್ಮ ಸಂಸಾರದ ಭಾಷೆ. ಇಪ್ಪತ್ತೇಳು ವರ್ಷ ಹೀಗೇ ಮಾತಾಡಿದೆವು. ಪ್ರೀತಿಯಿಂದ ಮಾತಾಡುವುದು ಇಬ್ಬರಿಗೂ ಬರುತ್ತಿರಲಿಲ್ಲ, ಕಲಿಯುವ ಪುರುಸೊತ್ತೂ ಇರಲಿಲ್ಲ.

ಅವರ ಕೈಯಲ್ಲಿ ಸಾಮಾನು ಕೊಳ್ಳುವುದು ಸುಲಭವಲ್ಲ ಎನ್ನುವುದು ಖರೇ. ಬೇಕಾದ್ದನ್ನು ಕೇಳಿ ಕೊಂಡೊಯ್ಯುವ ಹಾಗಿರಲಿಲ್ಲ, ಮೊದಲು ಪರೀಕ್ಷೆ. ಐದಾರು ವರ್ಷದ ಕೂಸಿಗೆ ಏಳು ಇಂಚು ಅಗಲದ ಹಲಗೆ, ಪಾದ ಬೆಳೆದವರಿಗೆ ಎಂಟರ ಮೇಲೆ. ಹೊಸಬರಿಗೆ ಮೆತ್ತನೆಯ ದಪ್ಪ ಗಾಲಿ, ಯಾಕೆಂದರೆ ಸಣ್ಣ ಗಟ್ಟಿ ಗಾಲಿಗೆ ಗೋದಿಕಾಳಿನಷ್ಟು ಕಲ್ಲು ಸಿಕ್ಕರೂ ಹಲಗೆ ನಿಂತುಬಿಡುತ್ತದೆ, ಮೇಲಿದ್ದವರು ನಿಲ್ಲುವುದಿಲ್ಲ. ಹುಬ್ಬಳ್ಳಿಯ ರಸ್ತೆಯಲ್ಲಿ ಗೋದಿಕಾಳಿನಷ್ಟು ಕಲ್ಲಿನ ಭಯವಿಲ್ಲ ಬಿಡಿ, ಎಲ್ಲವೂ ತೆಂಗಿನಕಾಯಿಯಷ್ಟಿವೆ. ಪಳಗಿದ ಹುಡುಗರು ಬಂದು ಗಟ್ಟಿ ಗಾಲಿಯನ್ನೇ ಕೇಳಿದರೆ "ಎಲ್ಲಿ ಆಡ್ತೀರಿ?" ಎನ್ನುತ್ತಿದ್ದರು. ನುಣುಪು ಗಚ್ಚಿನ ನೆಲ ಎಂದರೆ ಕೊಡುತ್ತಿದ್ದರು, ರಸ್ತೆ ಎಂದರೆ ಆಸ್ಪತ್ರೆಗೆ ಹೋಗುವ ದಾರಿ ಹೇಳಿಕೊಡುತ್ತಿದ್ದರು. ಮೊಣಕಾಲಿನ ಪಟ್ಟಿ ಬೇಡ ಎಂದವರಿಗೆ ಹಲಗೆಯೇ ಇಲ್ಲ. ಮೂವತ್ತು ದಾಟಿದ ಗಂಡಸರಿಗೆ ಮಣಿಕಟ್ಟಿನ ಪಟ್ಟಿಯೂ ಕಡ್ಡಾಯ. "ಹುಡುಗರು ಬಿದ್ರ ಅಳ್ತಾವು, ನಾವು ಬಿದ್ರ ಮುರೀತೇವಿ" ಎನ್ನುವುದು ಅದಕ್ಕೆ ಕಾರಣ.

ಆದರೆ ಪರೀಕ್ಷೆಯಲ್ಲಿ ಪಾಸಾದವರಿಗೆ ಇಲ್ಲ ಎಂದದ್ದನ್ನು ನಾನು ನೋಡಿಲ್ಲ. ಗಾಜಿನ ಕಪಾಟಿನಲ್ಲಿ ಚಂದಕ್ಕೆ ಇಟ್ಟದ್ದನ್ನೂ ತೆಗೆದು ಕೊಡುತ್ತಿದ್ದರು. "ಸರಿಯಾದ ಮನಷ್ಯಾ ಬಂದ ಮ್ಯಾಲೂ ಸಾಮಾನು ಇಟ್ಕೊಂಡ್ರ ಅದು ಅಂಗಡಿ ಅಲ್ಲ, ಕಳವು" ಎನ್ನುತ್ತಿದ್ದರು.

ಇಷ್ಟೆಲ್ಲ ನಿಯಮ ಮಾಡಿದ ಮನುಷ್ಯ ತಮಗಾಗಿ ಕೊಂಡದ್ದು ಸಮುದ್ರದ ಹಲಗೆ. ಅಲೆಯ ಮೇಲೆ ನಿಂತು ಜಾರುವ ಸರ್ಫ್ ಬೋರ್ಡು. ಸಮುದ್ರ ನಮ್ಮೂರಿಂದ ಘಟ್ಟ ಇಳಿದು ನಾಲ್ಕು ತಾಸಿನ ದಾರಿ. ಗೋಕರ್ಣಕ್ಕೆ ದೇವರ ದರ್ಶನಕ್ಕೆಂದು ಹೋದವರು ದಂಡೆಯಲ್ಲಿ ಹುಡುಗರು ಅಲೆ ಏರುವುದನ್ನು ನೋಡುತ್ತ ನಿಂತುಬಿಟ್ಟರು. ದರ್ಶನ ನಾನೊಬ್ಬಳೇ ಮಾಡಿದೆ, ಪುಣ್ಯವನ್ನು ಅರ್ಧ ಕೊಡುತ್ತೇನೆ ಎಂದು ದಾರಿಯುದ್ದಕ್ಕೂ ಹಂಗಿಸಿದೆ. ಮುಂದಿನ ತಿಂಗಳು ಘಟ್ಟ ಹತ್ತಿ ಲಾರಿಯಲ್ಲಿ ಹಲಗೆ ಬಂತು. ಒಂಬತ್ತು ಅಡಿ. ನಮ್ಮ ಅಂಗಡಿಯ ಉದ್ದ ಹತ್ತು.

"ನಿಮಗ ನಿಲ್ಲಾಕ ಬರೂದಿಲ್ಲ, ಇಷ್ಟು ದೊಡ್ಡದ್ಯಾಕ?" ಎಂದೆ.

"ನಿಲ್ಲಾಕ ಬರೂದಿಲ್ಲಂತನ ದೊಡ್ಡದು. ಪಳಗಿದವರದು ಆರಡಿ ಇರತೈತಿ. ಇಲ್ಲಿ ಸಣ್ಣದು ದೊಡ್ಡವರಿಗೆ, ದೊಡ್ಡದು ಹೊಸಬರಿಗೆ. ಮ್ಯಾಲೆ ಮೆತ್ತಗೈತಿ ನೋಡು, ತಲಿಗೆ ಬಡದ್ರೂ ಒಡೆಯೂದಿಲ್ಲ."

"ತಲಿ ಒಡೆಯೂದಿಲ್ಲೋ, ಹಲಗಿ ಒಡೆಯೂದಿಲ್ಲೋ?"

"ನನ್ನ ತಲಿಗೆ ಬಡದ್ರ ಹಲಗೀದ ಚಿಂತಿ."

ಓಣಿಯ ಹೆಂಗಸರು ಅದನ್ನು ಇಸ್ತ್ರಿ ಮೇಜು ಎಂದುಕೊಂಡರು. ಎದುರಿನ ಬಳೆ ಅಂಗಡಿಯವರು ಉಣಕಲ್ ಕೆರೆಗೆ ದೋಣಿ ಬಿಡುವ ಗುತ್ತಿಗೆ ಸಿಕ್ಕಿತೇನು ಎಂದು ಕೇಳಿದರು. ಈಜು ಬಾರದವರಿಗೆ ಸರ್ಫ್ ಹಲಗೆ ಮಾರಬಾರದು ಎಂದು ನನ್ನ ಗಂಡ ಹೊಸ ನಿಯಮ ಮಾಡಿದರು. ಮಾಡಿದ ಮೇಲೆ ನೆನಪಾಯಿತು, ಅವರಿಗೇ ಈಜು ಬರುತ್ತಿರಲಿಲ್ಲ. ಐವತ್ನಾಲ್ಕನೆಯ ವಯಸ್ಸಿನಲ್ಲಿ, ದಿನಾ ಬೆಳಿಗ್ಗೆ, ಈಜುಕೊಳದ ಸೊಂಟದಷ್ಟು ನೀರಿನಲ್ಲಿ ಒಂದನೆಯ ಇಯತ್ತೆಯ ಮಕ್ಕಳ ಸಾಲಿನಲ್ಲಿ ನಿಂತು ಕಲಿಯಲು ಹೋದರು. ನಾನು ಒಂದು ದಿನ ನೋಡಲು ಹೋಗಿದ್ದೆ. ಮಕ್ಕಳು ಮುಂದೆ ಹೋದವು, ಇವರು ನಿಂತಲ್ಲೇ ನೀರು ಬಡಿದರು.

ಹಲಗೆಯ ತಳದಲ್ಲಿ ಮೂರು ರೆಕ್ಕೆಗಳಿರುತ್ತವೆ. ಎಡಕ್ಕೊಂದು, ಬಲಕ್ಕೊಂದು, ಹಿಂದೆ ನಡುವೆ ಒಂದು. ಲಾರಿಯಲ್ಲಿ ಬರುವಾಗ ನಡುವಿನ ರೆಕ್ಕೆಯ ಬುಡ ಬಿರುಕುಬಿಟ್ಟಿತ್ತು. ಆ ಶುಕ್ರವಾರ, ಏಳು ವರ್ಷದ ತಲೆ ಹೋದ ಮೇಲೆ, ಅವರು ಅದನ್ನು ಬಿಚ್ಚಿ ಹಳೆಯ ಪತ್ರಿಕೆಯಲ್ಲಿ ಸುತ್ತಿದರು. ಅಂಥದ್ದೇ ಹೊಸದು ಮಾಡಿಸಲು ಧಾರವಾಡದ ಲಕಮನಹಳ್ಳಿಗೆ ಹೊರಟರು. ಅಲ್ಲಿ ಸಣ್ಣ ಪುಟ್ಟ ಕಾರ್ಖಾನೆಗಳ ಶೆಡ್ಡುಗಳಿವೆ. ಫೋನಿನಲ್ಲಿ ಹೇಳಿದರೆ ಸಾಲದೇ ಎಂದೆ. ಫೋನಿನಲ್ಲಿ ಹೇಳಿದ ಕೆಲಸ ಫೋನಿನಲ್ಲೇ ಉಳಿಯುತ್ತದೆ, ಎದುರು ಕೂತು ಚಹಾ ಕುಡಿದು ಹೇಳಿದ ಕೆಲಸವೇ ಆಗುತ್ತದೆ ಎಂದರು.

ನಾಲ್ಕು ಗಂಟೆಗೆ, ರೆಕ್ಕೆಯನ್ನು ಅಲ್ಲೇ ಕೊಟ್ಟು ಬಂದರು. ಬರುವಾಗ ಚುರುಮುರಿಯ ಗಿರಮಿಟ್ ಕಟ್ಟಿಸಿಕೊಂಡು ಬಂದಿದ್ದರು. ಖುಷಿಯಾಗಿದ್ದರು.

"ಭಾರೀ ಮನಷ್ಯಾ ಸಿಕ್ಕಿದ್ದ. ಒಂದು ತಾಸು ಮಾತಾಡಿದ್ವಿ. ಬುಧವಾರ ಬರ್ರಿ ಅಂದಾನ."

ಯಾರು, ಯಾವ ಶೆಡ್ಡು ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. "ಬುಧವಾರದೊಳಗ ಹುಬ್ಬಳ್ಳಿಗೆ ಸಮುದ್ರ ಬರತೈತೇನ್ರಿ?" ಎಂದೆ.

"ಬಂದ್ರ ಬರಲಿ. ನಮ್ಮದು ತಯಾರಿ ಇರಲಿ," ಎಂದರು.

ಶನಿವಾರ ಬೆಳಿಗ್ಗೆ ಈಜಲು ಹೊರಟವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಗೋಡೆ ಹಿಡಿದು ಕೂತರು. ಮತ್ತೆ ಏಳಲಿಲ್ಲ. ಟಾವೆಲಿನ ಚೀಲ ಕೈಯಲ್ಲೇ ಇತ್ತು. ಆಟೊ ಬರುವ ಮೊದಲೇ ಎಲ್ಲ ಮುಗಿದಿತ್ತು.

ಬುಧವಾರ ಬಂತು, ಹೋಯಿತು. ಹನ್ನೊಂದನೆಯ ದಿನ ಶಿವಗಣಾರಾಧನೆಯ ಊಟ. ಅಂಗಡಿ ಮುಚ್ಚಿದ್ದರಿಂದ ಮೈದುನ ಹಲಗೆಯನ್ನು ಮನೆಗೆ ತಂದು ಅಂಗಳದಲ್ಲಿ ಇಟ್ಟಿದ್ದ. ಅಡಿಗೆಯವರಿಗೆ ಮೇಜು ಸಾಲದೆ ಬಂದಾಗ ಯಾರನ್ನೂ ಕೇಳುವ ಗೋಜಿಗೆ ಹೋಗಲಿಲ್ಲ. ಎರಡು ಕಡೆ ಇಟ್ಟಿಗೆ ಪೇರಿಸಿ ಹಲಗೆ ಮಲಗಿಸಿದರು. ಅದರ ಮೇಲೆ ಗೋದಿ ಹುಗ್ಗಿಯ ಪಾತೇಲಿ, ಬದನೆಕಾಯಿ ಪಲ್ಯ, ಅನ್ನ, ಸಾರಿನ ಬಕೆಟ್ಟು. ನಾನು ನೋಡುವ ಹೊತ್ತಿಗೆ ಎರಡು ಪಂಕ್ತಿ ಎದ್ದಿತ್ತು.

"ಛಲೋ ಹಲಗಿ ಐತ್ರಿ ಅಕ್ಕಾರ," ಎಂದ ಅಡಿಗೆಯವ. "ಪಾತೇಲಿ ಒಟ್ಟ ಜಾರೂದಿಲ್ಲ. ಎಲ್ಲಿ ಮಾಡಿಸಿದ್ರಿ?"

ಊಟ ಮುಗಿಸಿದ ಸಂಬಂಧಿಕರೊಬ್ಬರು ಕೈ ಒರೆಸಿಕೊಳ್ಳುತ್ತ, ಇಂಥದ್ದೊಂದು ತಮ್ಮ ಮಗಳ ಮದುವೆಗೆ ಸಿಕ್ಕಿದ್ದರೆ ಭಾಳ ಅನುಕೂಲ ಆಗುತ್ತಿತ್ತು ಎಂದು ಮರುಗಿದರು. ಸಮುದ್ರ ಕಾಣದ ಹಲಗೆ ಸಾರು ಕಂಡಿತ್ತು. ಬಕೆಟ್ಟು ಇಟ್ಟಲ್ಲಿ ಅರಿಸಿನದ ಬಳೆಯಂಥ ಕಲೆ.

ನನಗೆ ನಗು ಬಂತು. ಹನ್ನೊಂದು ದಿನದಲ್ಲಿ ಮೊದಲ ಸಲ. ನನ್ನ ಗಂಡನಿಗೆ ಹೇಳೋಣ ಎಂದು ಒಳಗೆ ಎರಡು ಹೆಜ್ಜೆ ಇಟ್ಟಿದ್ದೆ.

ಮೈದುನನಿಗೆ ನನ್ನ ಬಗ್ಗೆ ಕಾಳಜಿ ಇದೆ. ಆ ದಿನವೇ ತೋರಿಸಿದ. "ವೈನಿ, ಮೊಬೈಲ್ ಕವರಿನ ಅಂಗಡಿಯವ ಜಾಗಾ ಕೇಳಾಕತ್ತಾನ. ನೀವು ಯಾಕ ತ್ರಾಸ್ ತಗೋತೀರಿ? ಗಾಲಿ ಹಲಗಿ ಮಾರೂದು ಹೆಣ್ಣಮಕ್ಕಳ ಕೆಲಸ ಅಲ್ಲ."

"ಕವರ್ ಮಾರೂದು ಗಂಡಸರ ಕೆಲಸ ಏನು?" ಎಂದೆ. ಅವನು ಎದ್ದುಹೋದ. ನನ್ನ ಮಾತಿಗೆ ಮಾತು ಕೊಡುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಒಂದು ತಿಂಗಳ ನಂತರ ಅಂಗಡಿ ತೆರೆದೆ, ಹಲಗೆಯನ್ನೂ ಮನೆಯಿಂದ ವಾಪಸು ತರಿಸಿದೆ. ಬುಧವಾರ ಮಧ್ಯಾಹ್ನ ಮಾತ್ರ ಬಾಗಿಲು ಹಾಕಿ ಲಕಮನಹಳ್ಳಿಗೆ ಹೊರಟೆ. ಇವರು ಯಾರ ಎದುರು ಕೂತು ಚಹಾ ಕುಡಿದರು, ಒಂದು ತಾಸು ಏನು ಮಾತಾಡಿದರು ಎಂದು ನನಗೆ ತಿಳಿಯಬೇಕಾಗಿತ್ತು. ಕೊನೆಯ ದಿನ ಇವರು ಖುಷಿಯಾಗಿದ್ದರು, ಆ ಖುಷಿಗೆ ಕಾರಣನಾದವನು ಆ ಶೆಡ್ಡಿನಲ್ಲಿದ್ದಾನೆ. ನನ್ನ ಕೈಯಲ್ಲಿ ಗುರುತಿಗೆಂದು ಬದಿಯ ರೆಕ್ಕೆ ಒಂದಿತ್ತು.

ಮೊದಲ ಶೆಡ್ಡಿನವರು ಅದನ್ನು ತಿರುಗಿಸಿ ನೋಡಿದರು. "ಯಾವ ಪಂಪಿಂದ್ರಿ ಇದು?"

"ಪಂಪಿಂದಲ್ರಿ. ಸಮುದ್ರದ ಹಲಗೀದು."

"ಧಾರವಾಡದಾಗ?"

"ಹುಬ್ಬಳ್ಳ್ಯಾಗ."

"ಹಾಂ. ಹುಬ್ಬಳ್ಳ್ಯಾಗಾದ್ರ ಇದ್ದೀತು ಬಿಡ್ರಿ," ಎಂದು ಧಾರವಾಡದವರ ಸಭ್ಯತೆಯಿಂದ ರೆಕ್ಕೆಯನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ಎರಡನೆಯ ಬುಧವಾರ ಇನ್ನೊಂದು ಶೆಡ್ಡಿನಲ್ಲಿ ಸುಳ್ಳ ಎಂಬ ಹಳ್ಳಿಯ ರೈತರೊಬ್ಬರು ಕೂತಿದ್ದರು. ಬಿತ್ತುವ ಕೂರಿಗೆಯ ಕಬ್ಬಿಣ ಬೆಸೆಯಲು ತಂದವರು. ಶೆಡ್ಡಿನವನಿಗೆ ನಾನು ಹತ್ತು ನಿಮಿಷ ವಿವರಿಸಿದ್ದು ಅವರಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು.

"ಅಂದ್ರ ನೀರಾಗ ಸಾಲು ಹೊಡೆಯೂದು. ನಡುವಿಂದು ಇಲ್ಲಂದ್ರ ಹಿಂದಿಂದ ಜಾರಿ ಸಾಲು ಸೊಟ್ಟ ಹೊಕ್ಕೈತಿ. ಹೌದಿಲ್ರಿ ಯವ್ವಾ?"

"ಹೌದ್ರಿ."

"ಆದ್ರ ನೀರಾಗ ಸಾಲು ಹೊಡದು ಬಿತ್ತೂದೇನು?"

ನಾನು ರೆಕ್ಕೆಯನ್ನು ಚೀಲಕ್ಕೆ ಹಾಕಿಕೊಂಡೆ. ಇವರಿದ್ದಿದ್ದರೆ ಒಂದು ತಾಸು ಹೇಳುತ್ತಿದ್ದರು.

ಇನ್ನೊಂದು ವಾರ ಒಬ್ಬರು "ಬಂದಿದ್ರು ನೋಡ್ರಿ, ಭಾಳ ಮಾತಾಡ್ತಿದ್ರು!" ಎಂದಾಗ ನಾನು ಸ್ಟೂಲು ಎಳೆದುಕೊಂಡು ಕೂತೆ. ಕನ್ನಡಕ ಹಾಕಿದ್ದರು, ಧೋತರ ಉಟ್ಟಿದ್ದರು ಎಂದು ಅವರು ಮುಂದುವರಿಸಿದರು. ಇವರಿಗೆ ಎರಡೂ ಇರಲಿಲ್ಲ. ಧಾರವಾಡದಲ್ಲಿ ಭಾಳ ಮಾತಾಡುವ ಗಂಡಸನ್ನು ಹುಡುಕಿಕೊಂಡು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕು.

ಅಂಗಡಿಯಲ್ಲಿ ನಾನು ಇವರ ನಿಯಮಗಳನ್ನು ಒಪ್ಪಿಸುತ್ತ ಕೂತೆ. ಎರಡು ಬೆರಳು, ಒಂದು ಬೆರಳು, ಹಣೆಯ ಚರ್ಮ. ಆಯುಧಪೂಜೆಯ ಮರುದಿನ ಒಂದು ಮನೆಯವರು ಗಾಲಿ ತಿರುಗುವುದಿಲ್ಲ ಎಂದು ಹಲಗೆ ತಂದರು. ಕುಂಕುಮ ಬಳಿದು, ನಾಲ್ಕೂ ಗಾಲಿಯ ಕೆಳಗೆ ನಾಲ್ಕು ಲಿಂಬೆಹಣ್ಣು ಇಟ್ಟು, ಮೇಲೆ ಅಜ್ಜನನ್ನು ನಿಲ್ಲಿಸಿ ದಾಟಿಸಿದ್ದರು. ಬೇರಿಂಗಿನೊಳಗೆ ಹುಳಿ, ಬೀಜ.

"ಲಾರಿಗೆ ಮಾಡಿದಂಗ ಮಾಡೀವ್ರಿ," ಎಂದರು.

"ಲಾರಿಗೆ ಡ್ರೈವರ್ ಕೂಡ್ತಾನ, ಅಜ್ಜ ಅಲ್ಲ," ಎಂದೆ. "ಅಜ್ಜಾರು ಹೆಂಗದಾರ?"

"ಕೈಗೆ ಪ್ಲಾಸ್ಟರ್ ಐತ್ರಿ."

ಮಣಿಕಟ್ಟಿನ ಪಟ್ಟಿ ಕೊಟ್ಟು ಕಳಿಸಿದೆ. ಮಕ್ಕಳನ್ನು ಬೆನ್ನ ಹಿಂದಿನಿಂದ ದೂಡಲೂ ಕಲಿತೆ. ನನ್ನದು ಎಡಗಾಲು, ಇವರು ಮದುವೆಯಾದ ಹೊಸದರಲ್ಲಿ ಅಲ್ಲ, ಇಪ್ಪತ್ತು ವರ್ಷವಾದ ಮೇಲೆ ದೂಡಿ ನೋಡಿ ಹೇಳಿದ್ದರು. ಇವರದು ಯಾವ ಕಾಲು ಎಂದು ಯಾರೂ ದೂಡಿ ನೋಡಿಲ್ಲ.

ಚಳಿಗಾಲದಲ್ಲಿ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು, ಧಾರವಾಡದ ಶಾಲೆಯೊಂದರಲ್ಲಿ ಆಟ ಕಲಿಸುವವಳು. ಓಣಿಯಲ್ಲಿ ಹೋಗುವಾಗ ಸಮುದ್ರದ ಹಲಗೆಯ ತುದಿ ಕಂಡು ಒಳಗೆ ಬಂದಿದ್ದಳು. ಇಸ್ತ್ರಿ ಮೇಜು ಎನ್ನಲಿಲ್ಲ. ಒಂದು ಕೈಯಿಂದ ಎತ್ತಿ ತೂಕ ನೋಡಿದಳು.

"ಈಜು ಬರತೈತೇನ್ರಿ?" ಎಂದೆ.

"ಬರತೈತ್ರಿ ಅಕ್ಕಾರ. ರಜಾ ಸಿಕ್ಕಾಗೆಲ್ಲ ಸಮುದ್ರಕ್ಕ ಹೋಗ್ತೇನಿ. ಅಲ್ಲಿ ಬಾಡಿಗಿ ಹಲಗಿ ಮ್ಯಾಲೆ ನಿಲ್ಲೂದು ಈಗ ಕಲ್ಯಾಕತ್ತೇನಿ. ಇದೇನಿದು ಹಳದಿ?"

"ಸಾರು."

ಅವಳ ಹಿಂದೆ ಸರಿದು ದೂಡಿದೆ. ಎಡಗಾಲು ಮುಂದಿಟ್ಟು ಗಟ್ಟಿಯಾಗಿ ನಿಂತಳು, ಸಿಟ್ಟಾಗಲಿಲ್ಲ, ನಕ್ಕಳು. ಹೊಸಬಳು, ಈಜು ಬಲ್ಲವಳು, ಮೈತೂಕಕ್ಕೆ ಒಂಬತ್ತಡಿ ಸರಿ. ಇವರ ಪರೀಕ್ಷೆಯಲ್ಲಿ ಇವರಿಗಿಂತ ಹೆಚ್ಚು ಅಂಕ. ಅವಳು ಹಲಗೆ ಮಗುಚಿ ತಳ ನೋಡಿದಳು.

"ನಡುವಿನ ರೆಕ್ಕಿ ಎಲ್ಲೈತ್ರಿ?"

"ಮಾಡಾಕ ಕೊಟ್ಟೈತಿ. ಬುಧವಾರ ಬರತೈತಿ."

"ಯಾವ ಬುಧವಾರ್ರಿ?"

ಗಲ್ಲಾದ ಹಿಂದೆ ಹೋಗಿ ಕೂತೆ. ಅವಳು ಮೊಬೈಲಿನಲ್ಲಿ ತೋರಿಸಿದಳು, ಅಂಥ ರೆಕ್ಕೆ ತರಿಸಬಹುದು, ಮೂರು ದಿನದಲ್ಲಿ ಮನೆಗೇ ಬರುತ್ತದೆ. ನನಗೆ ಅದು ಗೊತ್ತಿಲ್ಲದ್ದೇನಲ್ಲ. ಆನ್‌ಲೈನ್ ಎನ್ನುವುದನ್ನು ನಮ್ಮ ಗಿರಾಕಿಗಳು ನನಗೆ ದಿನಕ್ಕೆ ನಾಲ್ಕು ಸಲ ಕಲಿಸುತ್ತಾರೆ. ನೋಡೋಣ ಎಂದು ಅವಳನ್ನು ಕಳಿಸಿದೆ.

ಮುಂದಿನ ವಾರವೂ ಬಂದಳು. ಅದರ ಮುಂದಿನ ವಾರವೂ. ಮೂರನೆಯ ಸಲ ಅವಳು ಹೋದ ಮೇಲೆ ಹಲಗೆಯ ಎದುರು ಸ್ಟೂಲು ಹಾಕಿಕೊಂಡು ಕೂತೆ. ಸರಿಯಾದ ಮನುಷ್ಯ ಬಂದ ಮೇಲೂ ಸಾಮಾನು ಇಟ್ಟುಕೊಂಡರೆ ಅದಕ್ಕೆ ಏನೆನ್ನುತ್ತಾರೆ ಎಂದು ಹೇಳಿದವರು ಹೇಳಿ ಹೋಗಿದ್ದರು. ಅವರು ಇದ್ದಾಗ ಅವರ ಮಾತು ಕೇಳಿದವಳಲ್ಲ ನಾನು.

ನಾಲ್ಕನೆಯ ಸಲ ಬಂದಾಗ ಕೊಟ್ಟೆ. ಕೊಡುವ ಮೊದಲು ಹಲಗೆ ಮಗುಚಿ, ನಡುವಿನ ರೆಕ್ಕೆ ಕೂರುವ ತೂತುಗಳ ಅಳತೆಯನ್ನು ರಟ್ಟಿನ ಮೇಲೆ ಗೆರೆ ಎಳೆದು ಇಟ್ಟುಕೊಂಡೆ. ಲಕಮನಹಳ್ಳಿಗೆ ಇನ್ನು ಆ ರಟ್ಟು ಒಯ್ದರಾಯಿತು. ಅವಳು ಗೆಳತಿಯ ಜೀಪಿನ ಮೇಲೆ ಹಗ್ಗದಿಂದ ಹಲಗೆ ಬಿಗಿದುಕೊಂಡು ಹೊರಟಾಗ ಬಳೆ ಅಂಗಡಿಯವರು "ಅಂತೂ ದೋಣಿ ಹೊಂಟ್ತು!" ಎಂದು ಕೂಗಿದರು.

ಹದಿನೈದು ದಿನದ ನಂತರ ಮೊಬೈಲಿಗೆ ಒಂದು ವಿಡಿಯೊ ಕಳಿಸಿದಳು. ಬಿಳಿ ನೊರೆಯ ಮುಂದೆ ಹಲಗೆ ಬರುತ್ತದೆ, ಅದರ ಮೇಲೆ ಅವಳು ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ನಿಂತು ಬೀಳುತ್ತಾಳೆ. ಅವಳ ಕಾಲ ಹತ್ತಿರ ಹಳದಿ ಬಳೆ ಕಾಣುತ್ತದೆ. ಉಪ್ಪು ನೀರಿಗೂ ನಮ್ಮ ಸಾರು ಹೋಗಿಲ್ಲ. ಹಲಗೆ ಸೊಟ್ಟ ಹೋಗಲಿಲ್ಲ. ಆನ್‌ಲೈನಿನ ರೆಕ್ಕೆ ಚೆನ್ನಾಗಿಯೇ ಕೂತಿದೆ.

ಅಂಗಡಿಯಲ್ಲಿ ಈಗ ಓಡಾಡಲು ಜಾಗವಾಗಿದೆ, ಎಲ್ಲರೂ ಹೇಳುತ್ತಾರೆ. ಬುಧವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ನಾನು ನೋಡದ ಶೆಡ್ಡುಗಳು ಇನ್ನೂ ಇವೆ.

ಗೇಣುದ್ದದ ಕರಿ ರೆಕ್ಕೆ, ಬುಡದಲ್ಲಿ ಬಿರುಕು, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದು. ಅವರು ಕೊಟ್ಟುಬಂದದ್ದು ಇನ್ನೂ ಸಿಕ್ಕಿಲ್ಲ.